‘ನಿಲ್ಲಿಸು’ ಎಂದರೆ ಒಂದೇ ಅರ್ಥ

ಜನವರಿ 9

ಅಪ್ಪಾ,

ಫೋನಿನಲ್ಲಿ ನಿಮಗೆ ಕೇಳಿಸುವುದಿಲ್ಲ, ನನಗೆ ಕಿರುಚಲು ಬರುವುದಿಲ್ಲ. ಹಾಗಾಗಿ ಈ ಕಾಗದ. ಹುಬ್ಬು ಗಂಟಿಕ್ಕಬೇಡಿ, ಎಲ್ಲ ಚೆನ್ನಾಗಿದೆ.

ಈ ತಿಂಗಳಿಂದ ಕಾಲೇಜಿನ ಹಿಂಬದಿಯ ಕೋಣೆಯಲ್ಲಿ ಸಂಜೆ ತರಗತಿ ಶುರು ಮಾಡಿದ್ದೇನೆ. ಏನೂ ಗೊತ್ತಿಲ್ಲದವರಿಗಾಗಿಯೇ ಮಾಡಿದ್ದು. ಹೊರಗೆ ‘ಔಪಚಾರಿಕ ಭಾಷೆಗಳು’ ಎಂದು ಬೋರ್ಡು ಹಾಕಿದ್ದೆ. ಹದಿನಾರು ಜನ ಬಂದರು. ಮೊದಲ ದಿನವೇ ಗೊತ್ತಾಯಿತು, ಅದರಲ್ಲಿ ಅರ್ಧ ಜನ ಬಂದದ್ದು ದೊಡ್ಡವರ ಮುಂದೆ ಉಪಚಾರದ ಮಾತು ಆಡುವುದು ಹೇಗೆ ಎಂದು ಕಲಿಯಲು! ಒಬ್ಬರು ಟೈಲರಮ್ಮ ಎದ್ದು ನಿಂತು, ‘‘ಬನ್ನಿ, ಕೂತ್ಕೊಳ್ಳಿ, ಏನು ತಗೋತೀರಿ ಅಂತೆಲ್ಲ ಹೇಳ್ಕೊಡ್ತೀರ ಅಂದ್ಕೊಂಡೆ’’ ಅಂದರು. ಬೋರ್ಡು ಬದಲಾಯಿಸಿದ್ದೇನೆ. ಈಗ ‘ನಿಯಮದ ಭಾಷೆ’.

ನಿಯಮದ ಭಾಷೆ ಎಂದರೆ ಇಷ್ಟೇ. ಮೊದಲು ಕೆಲವು ಗುರುತುಗಳನ್ನು ಗೊತ್ತುಮಾಡಿಕೊಳ್ಳುವುದು. ಯಾವುದರ ನಂತರ ಯಾವುದು ಬರಬಹುದು ಎಂದು ನಿಯಮ ಹಾಕುವುದು. ಆಮೇಲೆ ಒಂದು ಸಾಲು ಸರಿಯೋ ತಪ್ಪೋ ಎಂದು ಆ ನಿಯಮ ನೋಡಿಯೇ ಹೇಳುವುದು. ಬರೆದವರ ಮನಸ್ಸಿನಲ್ಲಿ ಏನಿತ್ತು ಎಂದು ಕೇಳುವ ಹಾಗಿಲ್ಲ. ಇದನ್ನು ಅ, ಆ, ಇ ಹಾಕಿ ಹೇಳಿದರೆ ಎಲ್ಲರೂ ಆಕಳಿಸುತ್ತಾರೆ. ಯಾರ್ಡಿನಲ್ಲಿ ನೀವು ಕೆಳಗೆ ನಿಂತು ಕ್ರೇನಿನವನಿಗೆ ಕೊಡುತ್ತಿದ್ದ ಕೈಸನ್ನೆಗಳು ನನಗೆ ಬೇಕು. ಬರೆದು ಕಳಿಸುತ್ತೀರಾ?

ಇನ್ನೊಂದು ವಿಷಯ. ಸನ್ನೆಗಳ ನಿಯಮ ಪುಸ್ತಕ ಬರೆದುಕೊಡಿ, ಹೊಸಬರನ್ನು ತಯಾರು ಮಾಡಿ ಎಂದು ಇಂಜಿನಿಯರ್ ನಿಮಗೆ ಪತ್ರ ಕೊಟ್ಟರಂತೆ. ಜೂನ್ ಒಳಗೆ ಆಗದಿದ್ದರೆ ಹೊರಗಿನಿಂದ ಅಚ್ಚಾದ ಪುಸ್ತಕ ತರಿಸುತ್ತಾರಂತೆ, ನೀವು ನಿವೃತ್ತಿಯಾಗುವವರೆಗೆ ಹಗ್ಗದ ಉಗ್ರಾಣದಲ್ಲೇ ಇರಬೇಕಂತೆ. ಆ ಪತ್ರವನ್ನು ನೀವು ಹಗ್ಗದ ಸುರುಳಿಯ ಅಡಿಗೆ ತುರುಕಿದಿರಂತೆ. ಯಾರು ಹೇಳಿದರು ಎಂದು ಕೇಳಬೇಡಿ.

ಮಗಳು


ಜನವರಿ 20

ವಕೀಲಮ್ಮಾ,

ಚಿಕ್ಕಂದಿನಿಂದ ಎಲ್ಲದಕ್ಕೂ ವಾದ ಹೂಡುವ ನಿನಗೆ ನಾನಿಟ್ಟ ಈ ಹೆಸರೇ ಸರಿ. ಯಾರು ಹೇಳಿದರು ಎಂದು ಕೇಳುವ ಅಗತ್ಯವೇ ಇಲ್ಲ. ನನ್ನ ಮನೆಯಲ್ಲಿ ಗೂಢಚಾರಿಣಿ ಒಬ್ಬಳೇ ಇರುವುದು. ಅವಳು ಈಗ ಬಾಗಿಲ ಹಿಂದೆ ನಿಂತು ನಾನು ಏನು ಬರೆಯುತ್ತೇನೆ ಎಂದು ನೋಡುತ್ತಿದ್ದಾಳೆ.

ಸನ್ನೆ ಕೇಳಿದೆ, ಹೇಳುತ್ತೇನೆ. ನಿನ್ನ ಅಪ್ಪ ಏಳನೇ ಕ್ಲಾಸು, ಆದರೆ ಈ ವಿಷಯದಲ್ಲಿ ನನಗೆ ಪಾಠ ಹೇಳುವವರು ಈ ಯಾರ್ಡಿನಲ್ಲಿ ಹುಟ್ಟಿಲ್ಲ.

ನಾನು ಸೇರಿದ ಕಾಲಕ್ಕೆ ಸನ್ನೆ ಇರಲಿಲ್ಲ, ಬಾಯಲ್ಲೇ ಕೂಗುತ್ತಿದ್ದರು. ಒಂದು ದಿನ ಕಬ್ಬಿಣದ ಕಂಬವನ್ನು ಗುಂಡಿಯ ಹತ್ತಿರ ತರುತ್ತಿದ್ದಾಗ ಮೇಸ್ತ್ರಿ ‘‘ಕಂಬ ನಿಲ್ಲಿಸು!’’ ಎಂದು ಕೂಗಿದ. ತಡೆ, ಅಲ್ಲೇ ಇರಲಿ ಎಂದು ಅವನ ಅರ್ಥ. ಕ್ರೇನಿನವನು ಕಂಬವನ್ನು ಗುಂಡಿಯಲ್ಲಿ ನೆಟ್ಟಗೆ ನಿಲ್ಲಿಸಿದ! ಗುಂಡಿಯಲ್ಲಿದ್ದವನು ಹೇಗೋ ಹಾರಿ ಬದುಕಿಕೊಂಡ. ಅವನು ಹೇಳಿದ್ದೂ ಸರಿ ಕನ್ನಡವೇ, ಇವನು ತಿಳಿದದ್ದೂ ಸರಿ ಕನ್ನಡವೇ. ಮಾರನೇ ವಾರದಿಂದ ಬಾಯಿ ಬಂದ್, ಕೈ ಶುರು.

ಐದೇ ಸನ್ನೆ. ತೋರುಬೆರಳು ಮೇಲೆ ಮಾಡಿ ಸುತ್ತಿಸಿದರೆ ‘ಎತ್ತು’. ಕೆಳಗೆ ಮಾಡಿ ಸುತ್ತಿಸಿದರೆ ‘ಇಳಿಸು’. ತೋಳು ಚಾಚಿ ಬೆರಳು ತೋರಿದರೆ ಆ ಕಡೆಗೆ ‘ತಿರುಗಿಸು’. ಅಂಗೈ ಕೆಳಗೆ ಮಾಡಿ ತೋಳನ್ನು ಅಡ್ಡ ಬೀಸಿದರೆ ‘ನಿಲ್ಲಿಸು’. ಎರಡೂ ಕೈ ಹೊಟ್ಟೆಯ ಮುಂದೆ ಹೆಣೆದರೆ ‘ಮುಗಿಯಿತು’. ಈ ‘ನಿಲ್ಲಿಸು’ಗೆ ಒಂದೇ ಅರ್ಥ, ಅದನ್ನು ನಿಘಂಟು ಬರೆಯುವವರಿಂದಲೂ ಬದಲಾಯಿಸಲು ಆಗದು.

ಎತ್ತದೆ ತಿರುಗಿಸುವ ಹಾಗಿಲ್ಲ. ಒಂದು ಚಲನೆಗೂ ಇನ್ನೊಂದಕ್ಕೂ ನಡುವೆ ‘ನಿಲ್ಲಿಸು’ ಬರಲೇಬೇಕು. ಎತ್ತಿದ್ದನ್ನು ಇಳಿಸದೆ ‘ಮುಗಿಯಿತು’ ಹೇಳುವಂತಿಲ್ಲ. ಸನ್ನೆ ಕೊಡುವವನು ಒಬ್ಬನೇ, ಆದರೆ ‘ನಿಲ್ಲಿಸು’ ಮಾತ್ರ ಯಾರು ಬೇಕಾದರೂ ಕೊಡಬಹುದು, ದಾರಿಹೋಕನೂ ಕೊಡಬಹುದು.

ಪುಸ್ತಕದ ಮಾತು ಎತ್ತಬೇಡ. ತಪ್ಪು ಸನ್ನೆ ಕೊಟ್ಟು ಒಬ್ಬನ ಕಾಲು ಊನ ಮಾಡಿದವನು ಯಾವ ಮುಖ ಇಟ್ಟುಕೊಂಡು ಸನ್ನೆ ಕಲಿಸುವುದು?

ನಿನ್ನ ಕಾಗದವನ್ನು ಉಗ್ರಾಣದಲ್ಲಿ ಎಲ್ಲರಿಗೂ ಓದಿ ಹೇಳಿದೆ. ‘‘ಮೇಷ್ಟ್ರಿಗೇ ನಾನು ಮೇಷ್ಟ್ರು’’ ಅಂದೆ. ಯಾರೂ ನಂಬಲಿಲ್ಲ, ಸಹಿ ತೋರಿಸಿದೆ.

ಅಪ್ಪ


ಫೆಬ್ರವರಿ 11

ಅಪ್ಪಾ,

ನಿಮ್ಮ ಪಾಠ ಆಯಿತು. ಹದಿನಾರು ಜನರೂ ಎದ್ದು ನಿಂತು ತೋಳು ಬೀಸಿದರು. ಪಕ್ಕದ ಕೋಣೆಯ ಗುಮಾಸ್ತರು ಬಂದು, ‘‘ಇಲ್ಲಿ ವ್ಯಾಯಾಮದ ಕ್ಲಾಸು ಯಾವಾಗಿಂದ?’’ ಎಂದು ಕೇಳಿಹೋದರು.

‘ಎತ್ತು’ ಎಂದು ನಾನು ಹಲಗೆಯ ಮೇಲೆ ಬರೆದ ಕೂಡಲೇ ನಿವೃತ್ತ ಪೋಸ್ಟ್‌ಮನ್ ಒಬ್ಬರು ‘‘ಗಾಡಿ ಎಳೆಯೋದಾ?’’ ಅಂದರು. ನೋಡಿ, ಬಾಯಿಮಾತಿನಲ್ಲಿ ಒಂದು ಪದಕ್ಕೆ ಕೊಂಬೂ ಬರಬಹುದು. ಬೆರಳು ಸುತ್ತಿಸಿದಾಗ ಆ ಅನುಮಾನ ಯಾರಿಗೂ ಬರಲಿಲ್ಲ.

ಆಮೇಲೆ ಒಂದು ಲೆಕ್ಕ ಕೊಟ್ಟೆ. ಐದು ಸನ್ನೆ, ನಾಲ್ಕು ನಿಯಮ. ಇದರಲ್ಲಿ ಎಷ್ಟು ಸರಿಯಾದ ಸಾಲುಗಳನ್ನು ಮಾಡಬಹುದು? ಹತ್ತು ಅಂದರು, ನೂರು ಅಂದರು. ಟೈಲರಮ್ಮ ಮಾತ್ರ, ‘‘ತಿರುಗಿಸು, ನಿಲ್ಲಿಸು, ಮತ್ತೆ ತಿರುಗಿಸು, ನಿಲ್ಲಿಸು ಅಂತ ಹಾಕ್ತಾನೇ ಹೋಗ್ಬಹುದಲ್ಲ, ಕೊನೆ ಎಲ್ಲಿದೆ?’’ ಅಂದರು. ಕೊನೆ ಇಲ್ಲ ಅಪ್ಪಾ. ಒಂದು ಹಾಳೆಯಲ್ಲಿ ಹಿಡಿಯುವ ನಿಯಮದಿಂದ ಮುಗಿಯದಷ್ಟು ಸಾಲುಗಳು ಹುಟ್ಟುತ್ತವೆ. ಭಾಷೆಯ ದೊಡ್ಡ ಸೋಜಿಗ ಇದು. ಅದನ್ನು ನೀವು ಇಪ್ಪತ್ತೆರಡು ವರ್ಷ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಿರಿ.

ಇನ್ನೂ ಮುಂದೆ ಹೋದೆವು. ‘ಎಲ್ಲ ಗಿಲಿಗಳೂ ಪಿಲಿಗಳು. ಇದು ಗಿಲಿ. ಆದ್ದರಿಂದ ಇದು ಪಿಲಿ.’ ಗಿಲಿ ಏನೆಂದು ಯಾರಿಗೂ ಗೊತ್ತಿಲ್ಲ, ಆದರೂ ವಾದ ಸರಿ ಎಂದು ಎಲ್ಲರಿಗೂ ಗೊತ್ತು. ಎಂದರೆ ಸರಿಯಾಗಿ ಯೋಚಿಸುವುದರ ಒಂದು ಪಾಲು ಅರ್ಥದಲ್ಲಿಲ್ಲ, ಆಕಾರದಲ್ಲಿದೆ. ಆ ಪಾಲನ್ನು ಯಂತ್ರವೂ ಪರೀಕ್ಷಿಸಬಹುದು. ಹಾಗಾದರೆ ಮನುಷ್ಯನ ತಲೆಗೆ ಉಳಿದ ಕೆಲಸ ಯಾವುದು? ಈ ಪ್ರಶ್ನೆ ಕೇಳುವುದಕ್ಕಾಗಿಯೇ ನಾನು ಈ ವಿಷಯ ಓದಿದ್ದು.

ಟೈಲರಮ್ಮ ಹೋಗುವಾಗ ಒಂದು ಪ್ರಶ್ನೆ ಕೇಳಿದರು, ನನಗೆ ಉತ್ತರ ಗೊತ್ತಿರಲಿಲ್ಲ. ‘‘ಆ ಐದರಲ್ಲಿ ಯಾವುದೂ ಅಲ್ಲದ ಸನ್ನೆ ಮೇಲಿದ್ದವನಿಗೆ ಕಂಡ್ರೆ, ಅವನು ಏನು ಮಾಡ್ಬೇಕು?’’ ಅದಕ್ಕೆ ನಿಮ್ಮ ನಿಯಮ ಏನು ಹೇಳುತ್ತದೆ?

ಮಗಳು


ಮಾರ್ಚ್ 2

ಮಗಳೇ,

ಇದು ನಾನು, ಅಮ್ಮ. ನಿನ್ನ ಕಾಗದ ಓದಿದ ದಿನದಿಂದ ಇವರಿಗೆ ಏನೋ ಆಗಿದೆ. ಉತ್ತರ ಬರೆಯಲು ಕೂರುತ್ತಾರೆ, ಹಾಳೆ ಹರಿಯುತ್ತಾರೆ. ನಿನ್ನೆ ಅಡುಗೆಮನೆಯ ಕಿಟಕಿಯ ಮುಂದೆ ನಿಂತು ಕೈ ಮೇಲೆತ್ತಿದರು, ಇಳಿಸಿದರು, ಮತ್ತೆ ಎತ್ತಿದರು. ‘‘ಏನ್ರೀ ಇದು?’’ ಅಂದರೆ, ‘‘ಬೆರಳು ಸುತ್ತಿತ್ತಾ, ಇಲ್ವಾ?’’ ಎಂದು ನನ್ನನ್ನೇ ಕೇಳುತ್ತಾರೆ. ಅಂಥದ್ದೇನು ಬರೆದೆ ನೀನು? ಅಪ್ಪ ಮಗಳು ಇಬ್ಬರೂ ಮಾತಾಡಬೇಕಾದ್ದನ್ನು ಬಿಟ್ಟು ಬೇರೆಲ್ಲ ಮಾತಾಡುವವರು. ಈ ಸಲವಾದರೂ ಮೊದಲು ನೀನೇ ಬಾಯಿ ಬಿಡು.

ಅಮ್ಮ


ಮಾರ್ಚ್ 10

ಅಪ್ಪಾ,

ಬಾಯಿ ಬಿಡುತ್ತಿದ್ದೇನೆ.

ಆ ಅಪಘಾತದ ದಿನ ನನಗೆ ಹದಿನೇಳು. ಫಲಿತಾಂಶದ ಹಾಳೆ ಹಿಡಿದು ಯಾರ್ಡಿನ ಗೇಟಿಗೆ ಓಡಿ ಬಂದೆ. ನೀವು ಕ್ರೇನಿನ ಕೆಳಗೆ ಕೆಂಪು ಕೋಟು ಹಾಕಿ ನಿಂತಿದ್ದಿರಿ. ನಾನು ಗೇಟಿನ ಕಂಬಿ ಹಿಡಿದು ‘‘ಅಪ್ಪಾ, ಫಸ್ಟು!’’ ಎಂದು ಜೋರಾಗಿ ಕೂಗಿದೆ. ನೀವು ತಿರುಗಿದಿರಿ. ಆಮೇಲೆ ಪೈಪುಗಳು ಜಾರಿದವು, ಕೊಕ್ಕೆಯವರು ಕಿರುಚಿದರು. ನಾನು ಮನೆಗೆ ಓಡಿದೆ.

ನಾನು ಕೂಗದಿದ್ದರೆ ನೀವು ತಿರುಗುತ್ತಿರಲಿಲ್ಲ, ನಿಮ್ಮ ಸನ್ನೆ ತಪ್ಪುತ್ತಿರಲಿಲ್ಲ. ಹನ್ನೊಂದು ವರ್ಷದಿಂದ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದೇನೆ. ವಿಚಾರಣೆಯಲ್ಲಿ ನೀವು ನನ್ನ ಸುದ್ದಿಯನ್ನೇ ಎತ್ತಲಿಲ್ಲ. ಆಮೇಲೆ ಮನೆಯಲ್ಲಿ ನನ್ನ ಮಾರ್ಕಿನ ಮಾತನ್ನೂ ಎತ್ತಲಿಲ್ಲ. ನಿಮಗೆ ನನ್ನ ಮೇಲೆ ಕೋಪ ಎಂದುಕೊಂಡೇ ನಾನು ಓದಲು ಇಷ್ಟು ದೂರ ಬಂದೆ. ಟೈಲರಮ್ಮ ಆ ಪ್ರಶ್ನೆ ಕೇಳಿದಾಗ ನನಗೆ ಆ ದಿನವೇ ನೆನಪಾಯಿತು. ಉತ್ತರ ಗೊತ್ತಿಲ್ಲ ಎಂದು ನಿಮಗೆ ಬರೆದದ್ದು ಅರ್ಧ ಸತ್ಯ. ಕೇಳುವ ಧೈರ್ಯ ಇರಲಿಲ್ಲ ಎನ್ನುವುದು ಉಳಿದರ್ಧ.

ಮಗಳು


ಮಾರ್ಚ್ 24

ವಕೀಲಮ್ಮಾ,

ಇಷ್ಟು ಓದಿ ಇಷ್ಟು ದಡ್ಡಿಯಾಗಿ ಉಳಿದೆಯಲ್ಲ!

ನೀನು ಕೂಗಿದ್ದು ನನಗೆ ಕೇಳಿಸಲೇ ಇಲ್ಲ. ಆ ಇಂಜಿನ್ನಿನ ಸದ್ದಿನಲ್ಲಿ ಸಿಡಿಲು ಬಡಿದರೂ ಕೇಳಿಸುತ್ತಿರಲಿಲ್ಲ. ನಾನು ನಿನ್ನನ್ನು ಕಂಡೆ. ಗೇಟಿನ ಆಚೆ ಒಂದು ಹಾಳೆಯನ್ನು ತಲೆಯ ಮೇಲೆ ಎತ್ತಿ ಹಿಡಿದು ಕುಣಿಯುತ್ತಿದ್ದೆ. ಏನೆಂದು ಹೇಳಬೇಕಾಗಿರಲಿಲ್ಲ. ನನ್ನ ಮಗಳು ಗೆದ್ದಳು ಎಂದು ಗೊತ್ತಾಯಿತು. ನನ್ನ ಕೈ ತಾನಾಗಿ ಮೇಲೆ ಹೋಯಿತು. ನಿನಗೆ ಬೀಸಿದೆ. ಅದು ‘ಎತ್ತು’ ಅಲ್ಲ, ಬೆರಳು ಸುತ್ತಿರಲಿಲ್ಲ. ಅಂಗೈ ಬಿಚ್ಚಿತ್ತು. ಆದರೆ ಮೇಲೆ ಕೂತು ಕ್ರೇನು ನಡೆಸುತ್ತಿದ್ದ ನಮ್ಮ ಕೊಕ್ಕರೆ ಅದನ್ನು ‘ಎತ್ತು’ ಎಂದು ಓದಿದ. ಅವನಿಗೆ ಆ ಹೆಸರು ಬಂದದ್ದು ಅಷ್ಟೆತ್ತರದಲ್ಲಿ ಕುತ್ತಿಗೆ ಚಾಚಿ ಕೂರುವುದರಿಂದ, ನಿನಗೆ ನೆನಪಿರಬೇಕು. ಕೊಕ್ಕೆ ಒಂದು ಕಡೆ ಮಾತ್ರ ಸಿಕ್ಕಿಸಿತ್ತು. ಪೈಪು ಓರೆಯಾಗಿ ಎದ್ದವು, ಕೊಕ್ಕೆ ಸಿಕ್ಕಿಸುತ್ತಿದ್ದವನ ಕಾಲಿನ ಮೇಲೆ ಜಾರಿದವು.

ವಿಚಾರಣೆಯಲ್ಲಿ ‘‘ಯಾಕೆ ಕೈ ಎತ್ತಿದೆ?’’ ಎಂದು ಕೇಳಿದರು. ಮಗಳಿಗೆ ಬೀಸಿದೆ ಎಂದು ಹೇಳಿದ್ದರೆ ಕಡತದಲ್ಲಿ ನೀನು ಬರುತ್ತಿದ್ದೆ. ನಿನ್ನನ್ನು ಕರೆಸಿ ಕೇಳುತ್ತಿದ್ದರು. ಊರೆಲ್ಲ, ‘‘ಆ ಹುಡುಗಿಯಿಂದಾಗಿ ಒಬ್ಬರ ಕಾಲು ಊನವಾಯ್ತು’’ ಅನ್ನುತ್ತಿತ್ತು. ಅದಕ್ಕೆ ‘ತಪ್ಪು ಸನ್ನೆ ಕೊಟ್ಟೆ’ ಎಂದು ಬರೆದು ಸಹಿ ಹಾಕಿದೆ. ಇಪ್ಪತ್ತೆರಡು ವರ್ಷದಲ್ಲಿ ನಾನು ತಪ್ಪು ಸನ್ನೆ ಕೊಟ್ಟದ್ದಿಲ್ಲ ಮಗಳೇ, ಅಂದೂ ಕೊಡಲಿಲ್ಲ. ಆ ಸಹಿ ಇಂದಿಗೂ ಚುಚ್ಚುತ್ತದೆ. ಮಾರ್ಕಿನ ಮಾತು ಎತ್ತಿದರೆ ಆ ದಿನದ ಮಾತು ಬರುತ್ತದೆ ಎಂದು ಸುಮ್ಮನಿದ್ದೆ. ಅದನ್ನು ನೀನು ಕೋಪ ಎಂದು ಓದಿದೆ. ಅಪ್ಪನ ಸನ್ನೆ ಮನೆಯಲ್ಲೂ ತಪ್ಪಾಗಿಯೇ ಓದಿಸಿಕೊಂಡಿತು ನೋಡು.

ನಿನ್ನ ಟೈಲರಮ್ಮನಿಗೆ ಹೇಳು: ಐದರಲ್ಲಿ ಇಲ್ಲದ ಸನ್ನೆ ಕಂಡರೆ ಏನು ಮಾಡಬೇಕು ಎಂದು ನಮ್ಮ ನಿಯಮ ಏನನ್ನೂ ಹೇಳುವುದಿಲ್ಲ.

ಅಪ್ಪ


ಏಪ್ರಿಲ್ 4

ಅಪ್ಪಾ,

ಅತ್ತು ಮುಗಿಸಿ ಬರೆಯುತ್ತಿದ್ದೇನೆ. ಈಗ ವಕೀಲಿ ಶುರು.

ನಿಮ್ಮ ಸನ್ನೆ ತಪ್ಪಲ್ಲ, ಏಕೆಂದರೆ ಅದು ಸನ್ನೆಯೇ ಅಲ್ಲ. ಭಾಷೆಯ ಹೊರಗಿನ ಒಂದು ಕೈ ಅದು. ನಿಮ್ಮ ಸಂತೋಷವೂ ತಪ್ಪಲ್ಲ. ತಪ್ಪಿದ್ದದ್ದು ನಿಯಮದಲ್ಲಿ. ಸರಿಯಾದ ಸಾಲಿಗೆ ಏನು ಮಾಡಬೇಕೆಂದು ಅದು ಹೇಳುತ್ತಿತ್ತು, ಸಾಲೇ ಅಲ್ಲದ್ದಕ್ಕೆ ಏನು ಮಾಡಬೇಕೆಂದು ಹೇಳುತ್ತಿರಲಿಲ್ಲ. ನಿಯಮ ಸುಮ್ಮನಿದ್ದ ಜಾಗದಲ್ಲಿ ಕೊಕ್ಕರೆ ಮಾವ ಊಹೆ ಹಾಕಿದರು. ಇಂಥ ಭಾಷೆಯಲ್ಲಿ ಊಹೆಗೆ ಜಾಗ ಬಿಡಬಾರದು.

ಇನ್ನೊಂದು ಮಾತು. ಈ ಕೊರತೆಯನ್ನು ಕೈಸನ್ನೆಯಲ್ಲಿ ಹೇಳಲು ಆಗುವುದಿಲ್ಲ. ಐದು ಸನ್ನೆಗಳಿಂದ ಪೈಪಿನ ಬಗ್ಗೆ ಹೇಳಬಹುದು, ಸನ್ನೆಗಳ ಬಗ್ಗೆ ಹೇಳಲಾಗದು. ಅದಕ್ಕೆ ಹೊರಗೆ ನಿಂತು ನೋಡುವ, ಮಾತು ತುಂಬಿದ ಇನ್ನೊಂದು ಭಾಷೆ ಬೇಕು. ‘ನಿಲ್ಲಿಸು’ಗೆ ಎರಡು ಅರ್ಥ ಕೊಡುವ, ‘ಎತ್ತು’ ಅಂದರೆ ಕೊಂಬು ತೋರಿಸುವ ನಮ್ಮ ಕನ್ನಡವೇ ಬೇಕು. ನಾನು ಆರು ವರ್ಷ ಓದಿ ತಿಳಿದುಕೊಂಡದ್ದು ಇದು. ಎರಡೂ ಭಾಷೆ ಬಲ್ಲವರು ನಿಮ್ಮ ಯಾರ್ಡಿನಲ್ಲಿ ನೀವೊಬ್ಬರೇ. ಅಚ್ಚಾದ ಪುಸ್ತಕಕ್ಕೆ ಆ ದಿನ ಗೊತ್ತಿಲ್ಲ.

ಆದ್ದರಿಂದ ಆರನೇ ಸನ್ನೆ ಬೇಡ, ಐದನೇ ನಿಯಮ ಬರೆಯಿರಿ. ಅದಕ್ಕೂ ಮೊದಲು ಆ ಸಹಿಯನ್ನು ಸರಿಮಾಡಿ. ಕಡತದಲ್ಲಿ ನನ್ನನ್ನು ಹಾಕಿಸಿ. ನನಗೆ ಇಪ್ಪತ್ತೆಂಟು, ಯಾರು ಏನು ಅಂದರೂ ತಡೆದುಕೊಳ್ಳುತ್ತೇನೆ.

ವಕೀಲಮ್ಮ


ಮೇ 19

ವಕೀಲಮ್ಮಾ,

ಇಷ್ಟು ದಿನ ಉತ್ತರ ಬರೆಯದ್ದಕ್ಕೆ ಬೈಯಬೇಡ, ಕೈತುಂಬ ಕೆಲಸ.

ಮೊದಲು ಕೊಕ್ಕೆಯವನ ಹತ್ತಿರ ಹೋದೆ. ಅವನು ಈಗ ಗೇಟಿನಲ್ಲಿ ಕೂತು ಲಾರಿಗಳ ಹೆಸರು ಬರೆದುಕೊಳ್ಳುತ್ತಾನೆ. ಎರಡು ಬೆರಳಿಲ್ಲದ ಕಾಲಿಗೆ ಬೂಟು ಹಿಡಿಸದು, ಚಪ್ಪಲಿಯೇ. ನಾನು ಎಲ್ಲ ಹೇಳಿದೆ. ಅವನು ಲಾರಿ ನಂಬರು ಬರೆದು ಮುಗಿಸಿ, ‘‘ಮಗಳಿಗೆ ಎಷ್ಟು ಬಂದಿತ್ತು?’’ ಅಂದ. ‘‘ಊರಿಗೇ ಮೊದಲು’’ ಅಂದೆ. ‘‘ಹಾಗಾದ್ರೆ ಸರಿ. ಸುಮ್ನೆ ಪಾಸಾಗಿದ್ದಕ್ಕೆ ನನ್ನ ಬೆರಳು ಹೋಗಿದ್ರೆ ಬೇಜಾರಾಗ್ತಿತ್ತು’’ ಅಂದ. ಆಮೇಲೆ ಇನ್ನೆರಡು ಲಾರಿ ಒಳಗೆ ಬಿಟ್ಟ. ನಾನು ಪಕ್ಕದಲ್ಲಿ ಕೂತಿದ್ದೆ. ಎದ್ದು ಬರುವಾಗ, ‘‘ಮೊದ್ಲೇ ಹೇಳ್ಬಾರ್ದಿತ್ತೇನೋ?’’ ಎಂದ.

ಕೊಕ್ಕರೆ ಮಾತ್ರ ತಲೆ ತಗ್ಗಿಸಿದ. ‘‘ಅದು ಎತ್ತು ಅಲ್ಲ ಅಂತ ನಂಗೂ ಅನ್ನಿಸ್ತು ಕಣೋ. ಆದ್ರೆ ನೀನು ಯಾವತ್ತೂ ತಪ್ಪಿದವನಲ್ಲ. ನೀನು ಕೈ ಎತ್ತಿದ್ದೀಯ ಅಂದ್ರೆ ಎತ್ತೋಕೇ ಇರ್ಬೇಕು ಅಂದ್ಕೊಂಡೆ.’’ ನನ್ನ ಮೇಲಿನ ನಂಬಿಕೆಯೇ ಅವನ ಕೈಯನ್ನು ನಡೆಸಿತ್ತು.

ಇಂಜಿನಿಯರಿಗೂ ಹೇಳಿದೆ. ಕಡತ ತರಿಸಿದರು. ಹಳೆಯ ಸಹಿಯ ಕೆಳಗೆ ಹೊಸದಾಗಿ ಬರೆದು ಸಹಿ ಹಾಕಿದೆ. ನೀನು ಈಗ ಕಡತದಲ್ಲಿದ್ದೀಯ.

ಪುಸ್ತಕ ಆಯಿತು, ಹನ್ನೊಂದು ಪುಟ. ಬರೆದವರ ಹೆಸರು ಬೇಡ ಎಂದು ಇಂಜಿನಿಯರಿಗೆ ಹೇಳಿದ್ದೇನೆ. ಐದನೇ ನಿಯಮ ಹೀಗಿದೆ: ‘ಐದರಲ್ಲಿ ಇಲ್ಲದ ಸನ್ನೆ, ಅಥವಾ ಕ್ರಮ ತಪ್ಪಿ ಬಂದ ಸನ್ನೆ ಕಂಡರೆ, ಕೊಟ್ಟವರ ಮನಸ್ಸಿನಲ್ಲಿ ಏನಿದೆ ಎಂದು ನಿಮಗೆ ಎಷ್ಟೇ ಖಚಿತವಾಗಿದ್ದರೂ ನಿಲ್ಲಿಸಿ. ಸರಿಯಾದ ನಿಲ್ಲಿಸು ಬರುವವರೆಗೆ ಅಲ್ಲಾಡಬೇಡಿ.’ ‘ಎಷ್ಟೇ ಖಚಿತವಾಗಿದ್ದರೂ’ ಎಂದು ಹಾಕಲು ಮೂರು ದಿನ ಹಿಡಿಯಿತು.

ಜೂನ್ ಹನ್ನೆರಡಕ್ಕೆ ಪರೀಕ್ಷೆ. ನಾನು ತಯಾರು ಮಾಡಿದವರು ಒಂದು ಗಂಟೆಯಲ್ಲಿ ಹನ್ನೆರಡು ಹೊರೆ ಸಾಗಿಸಬೇಕು, ಒಂದು ಮಾತೂ ಆಡಬಾರದು. ಆಗದಿದ್ದರೆ ಹೊರಗಿನ ಪುಸ್ತಕ ಬರುತ್ತದೆ, ನಾನು ಹಗ್ಗಕ್ಕೆ ವಾಪಸ್ಸು.

ಅಪ್ಪ


ಜೂನ್ 13

ಮಗಳೇ,

ನಿನ್ನೆ ಬೆಳಿಗ್ಗೆ ಒಂಬತ್ತಕ್ಕೆ ಶುರುವಾಯಿತು. ಕೆಂಪು ಕೋಟು ಹಾಕಿ ನಿಂತವರು ತೂಕದಮ್ಮ. ಇಷ್ಟು ದಿನ ಲಾರಿ ತೂಗುವ ಕಡೆ ಇದ್ದವರು, ನಲವತ್ತು ದಾಟಿದ ಹೆಂಗಸು, ನನ್ನ ಶಿಷ್ಯರಲ್ಲಿ ಎಲ್ಲರಿಗಿಂತ ಚುರುಕು. ಮೇಲೆ ಕೊಕ್ಕರೆ. ಇಂಜಿನಿಯರ್ ಗಡಿಯಾರ ಹಿಡಿದು ನಿಂತರು. ಕೊಕ್ಕೆಯವನೂ ಗೇಟು ಬಿಟ್ಟು ಬಂದು ನೆರಳಿನಲ್ಲಿ ಕುಕ್ಕರಿಸಿದ. ನಾನು ಎರಡೂ ಕೈಗಳನ್ನು ಕಂಕುಳಲ್ಲಿ ಅದುಮಿಕೊಂಡು ನಿಂತೆ.

ಏಳು ಹೊರೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೋದವು. ಎಂಟನೆಯದು ತಿರುಗುತ್ತಿತ್ತು. ಜಾಗಕ್ಕೆ ಬಂತು. ತೂಕದಮ್ಮ ‘ನಿಲ್ಲಿಸು’ ಕೊಡುವುದನ್ನು ಮರೆತು ನೇರವಾಗಿ ‘ಇಳಿಸು’ ಕೊಟ್ಟರು.

ಕ್ರೇನು ನಿಂತಿತು. ಹೊರೆ ಗಾಳಿಯಲ್ಲಿ ನೇತಾಡಿತು. ಆಕೆ ಮತ್ತೆ ‘ಇಳಿಸು’ ಕೊಟ್ಟರು. ಕೊಕ್ಕರೆ ಅಲ್ಲಾಡಲಿಲ್ಲ. ಆಕೆ ಇನ್ನೂ ದೊಡ್ಡದಾಗಿ ಬೆರಳು ಸುತ್ತಿಸಿದರು, ದೊಡ್ಡದಾಗಿ ಮಾಡಿದರೆ ತಪ್ಪು ಸರಿಯಾಗುತ್ತದೆ ಎನ್ನುವ ಹಾಗೆ. ಅವನು ಕಲ್ಲಿನ ಹಾಗೆ ಕೂತಿದ್ದ. ಒಂದು ನಿಮಿಷ ಹೋಯಿತು, ಎರಡು ಹೋಯಿತು. ಇಂಜಿನಿಯರ್ ನನ್ನ ಹತ್ತಿರ ಬಂದು, ‘‘ಆಕೆಗೆ ಏನು ಬೇಕು ಅಂತ ಅವನಿಗೆ ಗೊತ್ತಾಗ್ತಿಲ್ವೇನ್ರೀ?’’ ಅಂದರು.

‘‘ಗೊತ್ತಾಗ್ತಿದೆ ಸಾರ್. ಅದಕ್ಕೇ ಅಲ್ಲಾಡ್ತಿಲ್ಲ’’ ಅಂದೆ.

ನಾಲ್ಕು ನಿಮಿಷ ಆ ಹೊರೆ ಅಲ್ಲೇ ಇತ್ತು. ಕೊನೆಗೆ ತೂಕದಮ್ಮ ಕೈ ಕೆಳಗೆ ಬಿಟ್ಟರು. ಅಂಗೈ ಕೆಳಗೆ ಮಾಡಿ ತೋಳು ಬೀಸಿದರು. ‘ನಿಲ್ಲಿಸು.’ ಆಮೇಲೆ ‘ಇಳಿಸು.’ ಹೊರೆ ಕೂತಿತು.

ಹನ್ನೆರಡೂ ಮುಗಿದಾಗ ಒಂದು ಗಂಟೆ ಮೂರು ನಿಮಿಷ. ಇಂಜಿನಿಯರ್ ಗಡಿಯಾರ ನೋಡಿ, ‘‘ಮೂರು ನಿಮಿಷ ಮೀರಿತು. ಮಾತು ಮಾತೇ’’ ಅಂದರು. ನಾನು ಸರಿ ಅಂದೆ. ನಿಯಮ ಬರೆದವನು ನಿಯಮದ ಮೇಲೆ ಜಗಳ ಆಡಬಾರದು.

ಆಗ ಕೊಕ್ಕೆಯವನು ನೆರಳಿನಿಂದ ಎದ್ದು ಬಂದ. ಚಪ್ಪಲಿ ಕಳಚಿ ಆ ಕಾಲನ್ನು ಇಂಜಿನಿಯರ್ ಮುಂದೆ ಇಟ್ಟ. ‘‘ಸಾರ್, ಈಗ ಆ ಹೊರೆಗೆ ಕೊಟ್ರಲ್ಲ ನಾಲ್ಕು ನಿಮಿಷ, ನಂಗೆ ಯಾರಾದ್ರೂ ನಾಲ್ಕು ಸೆಕೆಂಡು ಕೊಟ್ಟಿದ್ರೆ ಸಾಕಿತ್ತು’’ ಅಂದ.

ಇಂಜಿನಿಯರ್ ಆ ಕಾಲನ್ನು ನೋಡಿದರು. ಗಡಿಯಾರವನ್ನು ಜೇಬಿಗೆ ಹಾಕಿದರು. ಆಮೇಲೆ ನನ್ನ ಹನ್ನೊಂದು ಪುಟ ಕೇಳಿ ಪಡೆದು, ಕ್ರೇನಿನ ಚಕ್ರದ ಮೇಲೆ ಇಟ್ಟುಕೊಂಡು ಸಹಿ ಹಾಕಿದರು. ‘‘ಅಚ್ಚಿಗೆ ಕೊಡೋಣ. ಬರೆದವರ ಹೆಸರು ಬೇಡ ಅಂದಿದ್ರಲ್ಲ?’’ ಎಂದು ಕೇಳಿದರು.

‘‘ಆಗ ಬೇಡ ಅಂದಿದ್ದೆ. ಈಗ ಹಾಕಿ ಸಾರ್, ದಪ್ಪ ಅಕ್ಷರದಲ್ಲಿ ಹಾಕಿ’’ ಅಂದೆ. ‘‘ಐದನೇ ನಿಯಮದ ಕೆಳಗೆ ನನ್ನ ಮಗಳದ್ದೂ ಹಾಕಿ. ಅವಳು ಕಲಿಸಿದ್ದು ಅಂತ ಬರೀರಿ.’’

‘‘ಅವಳೂ ಕ್ರೇನಿನ ಕೆಲಸವಾ?’’ ಅಂದರು.

ನೀನು ತರಗತಿಯಲ್ಲಿ ಹದಿನಾರು ಜನಕ್ಕೆ ಸನ್ನೆ ಕಲಿಸಿದ್ದು ನೆನಪಾಯಿತು. ಆಮೇಲೆ ‘‘ಹೌದು ಸಾರ್’’ ಅಂದೆ.

ಅಪ್ಪ